ಊರಲ್ಲಿ ಹಸು ಇತ್ತು, ಇಲ್ಲಿ ನಾನೇ

ಕಳೆದ ಜೂನ್‌ನಲ್ಲಿ ನನ್ನ ಹತ್ತಿರ ಸಲಹೆಗೆ ಬಂದವರು. ವಯಸ್ಸು 44, ಎತ್ತರ ಐದಡಿ ಒಂದಿಂಚು, ತೂಕ 76 ಕೆ.ಜಿ. ಹೆಸರು ಬೇಡ, ‘ಅಕ್ಕ’ ಅಂತಲೇ ಬರೆಯುತ್ತೇನೆ. ನಾನು ಅವರನ್ನು ಕರೆದದ್ದೂ ಹಾಗೆಯೇ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮಂಡ್ಯ ಜಿಲ್ಲೆಯಲ್ಲಿ, ವಿ.ಸಿ. ನಾಲೆ ನೀರು ಹರಿಯುವ ಕಡೆಯ ಒಂದು ಹಳ್ಳಿ. ಕಬ್ಬು, ಭತ್ತ, ಎರಡು ಹಸು, ಒಂಬತ್ತು ಜನರ ಮನೆ. ನಾಲ್ಕು ವರ್ಷದ ಹಿಂದೆ ಮಕ್ಕಳ ಓದಿಗೆ ಅಂತ ಮೈಸೂರಿನ ವಿಜಯನಗರಕ್ಕೆ ಬಂದರು. ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇದೆ. ಊರು ಬಿಟ್ಟಾಗ 62 ಕೆ.ಜಿ. ಇದ್ದರಂತೆ.

ನನ್ನ ಹತ್ತಿರ ಬಂದದ್ದು ತೂಕದ ಸಲುವಾಗಿ ಅಲ್ಲ. ನಿದ್ದೆ ಬರುತ್ತಿರಲಿಲ್ಲ. ನೆಂಟರ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದರು. ಕೇಳುತ್ತಾ ಹೋದಾಗ ಒಂದು ಬೀಗರ ಊಟದ ವಿಷಯ ಬಂತು. ಪಂಕ್ತಿಯಲ್ಲಿ ಗಂಡ ಎಲ್ಲರ ಎದುರಿಗೆ, ‘ನಮ್ಮನೆಯೋಳಿಗೆ ಎರಡು ಕುರ್ಚಿ ಹಾಕ್ರಪ್ಪ’ ಅಂದಿದ್ದಾರೆ. ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು.

ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಥೈರಾಯ್ಡ್ ಸರಿ ಇಲ್ಲದೆ ತೂಕ ಏರುತ್ತಿದ್ದರೆ ನಮ್ಮ ಮಾತುಕತೆಯಿಂದ ಏನೂ ಆಗುವುದಿಲ್ಲ. ಥೈರಾಯ್ಡ್ ಸರಿ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ಒಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಸದ್ಯಕ್ಕೆ ಮಾತ್ರೆ ಬೇಡ, ತೂಕ ಇಳಿಸಿ ಅಂದರು ಡಾಕ್ಟರ್.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬಾಯಿಪಾಠದ ಹಾಗೆ, ‘ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಅಕ್ಕ’ ಅಂದೆ. ಅವರು ಎರಡು ದಿನ ಹೋದರು. ಆಮೇಲೆ ಒಂದು ತಿಂಗಳು ನನ್ನ ಹತ್ತಿರವೂ ಬರಲಿಲ್ಲ.

ಬಂದಾಗ ವಿಷಯ ತಿಳಿಯಿತು. ಅಲ್ಲಿ ಎಲ್ಲರೂ ಶೂ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಿರಬಿರನೆ ನಡೆಯುತ್ತಿದ್ದರು. ಇವರದು ಸೀರೆ, ಹವಾಯಿ ಚಪ್ಪಲಿ. ಎರಡನೇ ದಿನ ಪರಿಚಯದ ಹೆಂಗಸೊಬ್ಬರು ಸಿಕ್ಕಿ, ‘ಏನ್ರೀ, ಸಣ್ಣ ಆಗೋಕೆ ಬಂದ್ರಾ?’ ಅಂತ ಕೇಳಿದ್ದಾರೆ. ಮುಗಿಯಿತು. ‘ಜಿಮ್ಮು, ವಾಕಿಂಗು, ಯೋಗ ಯಾವ್ದೂ ಹೇಳ್ಬೇಡಿ ಮೇಡಂ. ನಂಗೆ ಆಗಲ್ಲ, ಮಂಡಿ ಬೇರೆ ನೋಯ್ತದೆ. ಬೇರೆ ಏನಾದ್ರೂ ಇದ್ರೆ ಹೇಳಿ.’

ಸರಿ, ಬೇರೆ ಏನು ಅಂತಲೇ ಹುಡುಕೋಣ ಅಂದೆ.

ಏನು ತಿನ್ನುತ್ತೀರಿ ಅಂತ ಕೇಳಿದರೆ ಎಲ್ಲರೂ ಹೇಳುವ ಮಾತನ್ನೇ ಅವರೂ ಹೇಳಿದರು. ‘ನಾನೇನ್ ಮಹಾ ತಿಂತೀನಿ? ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂಚೂರು ಅನ್ನ.’ ಸುಳ್ಳಲ್ಲ ಅದು. ಕೂತು ತಿನ್ನುವುದು ಅಷ್ಟೇ. ನಿಂತು ತಿನ್ನುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ, ಅಲ್ವಾ?

ಅದಕ್ಕೇ ಒಂದು ಕೆಲಸ ಕೊಟ್ಟೆ. ಒಂದು ವಾರ, ನಿಂತುಕೊಂಡು ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸಿದ್ದನ್ನೆಲ್ಲ ಮೊದಲು ಒಂದು ಮುಚ್ಚಳದ ಡಬ್ಬಿಗೆ ಹಾಕಿ. ಆಮೇಲೆ ಬೇಕಿದ್ದರೆ ಡಬ್ಬಿಯಿಂದಲೇ ತಿನ್ನಿ, ನಾನು ಬೇಡ ಅನ್ನಲ್ಲ. ತಿನ್ನುವ ಮುಂಚೆ ಮಗಳ ಹತ್ತಿರ ಒಂದು ಫೋಟೋ ತೆಗೆಸಿ, ಅಷ್ಟೇ.

ಫೋಟೋಗಳನ್ನು ಇಬ್ಬರೂ ಕೂತು ನೋಡಿದೆವು. ಒಂದು ದಿನದ ಡಬ್ಬಿ ಹೀಗಿತ್ತು: ಮಗ ಬಿಟ್ಟುಹೋದ ಅರ್ಧ ದೋಸೆ, ತಟ್ಟೆ ಬಳಿದ ಕಾಯಿಚಟ್ನಿ, ಗಂಡನಿಗೆ ತಂದಿಟ್ಟ ಕಾಂಗ್ರೆಸ್ ಕಡ್ಲೆಕಾಯಿ ಒಂದು ಹಿಡಿ. ರಾತ್ರಿ ಹತ್ತೂವರೆಗೆ, ಎಲ್ಲರೂ ಉಂಡ ಮೇಲೆ, ಪಾತ್ರೆ ತಳದಿಂದ ಕೆರೆದ ಎರಡು ಸೌಟು ಅನ್ನ. ಅದರ ಮೇಲೆ ಉಳಿದ ಸಾರು. ಅಂದಾಜಿಗೆ 400ರಿಂದ 450 ಕ್ಯಾಲರಿ. ಒಂದು ಹೊತ್ತಿನ ಊಟ.

ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಊರಲ್ಲಿ ಕಲಗಚ್ಚಿನ ಬಾನಿ ಇತ್ತು ಮೇಡಂ. ಮಿಕ್ಕಿದ್ದೆಲ್ಲ ಅದಕ್ಕೆ ಹಾಕಿದ್ರೆ ಹಸ ಕುಡಿಯೋವು. ಇಲ್ಲಿ ಹಸ ಎಲ್ಲದೆ? ಇಲ್ಲಿ ನಾನೇ ಹಸ.’

ಹೇಳಿ ಅವರೇ ನಕ್ಕರು. ಬಂದಾಗಿನಿಂದ ಅವರು ಮನಸಾರೆ ನಕ್ಕದ್ದು ಅದೇ ಮೊದಲು.

‘ಚೆಲ್ಲಿಬಿಡಿ’ ಅನ್ನುವುದು ಸುಲಭ. ಭತ್ತ ಬೆಳೆದ ಮನೆಯವರಿಗೆ ಆ ಮಾತು ಹೇಳಬಾರದು. ಅನ್ನ ಚೆಲ್ಲಿದ ಪಾಪ ಬೇರೆ ತಲೆ ಮೇಲೆ ಕೂರುತ್ತದೆ. ಹಾಗಾಗಿ ಮಿಗದ ಹಾಗೆ ಮಾಡುವುದು ಹೇಗೆ ಅಂತ ನೋಡಿದೆವು. ಊರಿನ ದೊಡ್ಡ ಅನ್ನದ ಪಾತ್ರೆಯನ್ನೇ ಇಲ್ಲಿಗೂ ತಂದಿದ್ದರು. ನಾಲ್ಕು ಜನಕ್ಕೆ ರಾತ್ರಿ ಎರಡು ಪಾವು ಅಕ್ಕಿ ಹಾಕುತ್ತಿದ್ದರು. ಪಾತ್ರೆ ಅಟ್ಟ ಸೇರಿತು, ಅಕ್ಕಿ ಒಂದೂವರೆ ಪಾವಿಗೆ ಇಳಿಯಿತು. ಮಿಕ್ಕರೆ ಫ್ರಿಜ್‌ಗೆ, ಬೆಳಿಗ್ಗೆ ಚಿತ್ರಾನ್ನಕ್ಕೆ. ಅಕ್ಕ ಎಲ್ಲರ ಜೊತೆಗೇ ಕೂತು ಉಣ್ಣಬೇಕು, ಬಡಿಸಿ ಕೊನೆಗೆ ಅಲ್ಲ. ಈ ಕೊನೆಯದು ಎಲ್ಲಕ್ಕಿಂತ ಕಷ್ಟವಾಯಿತು. ‘ನಾನು ಕೂತ್ರೆ ಸಾರು ಬಿಡೋರು ಯಾರು?’ ಅಂದರು. ಸೌಟು ಪಾತ್ರೆಯಲ್ಲೇ ಇರುತ್ತದಲ್ಲ, ಬೇಕಾದವರು ಬಿಟ್ಟುಕೊಳ್ಳಲಿ ಅಂದೆ.

ಎರಡನೆಯದು ಕಾಫಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ 50 ಗ್ರಾಂ, ಅಂದರೆ 200 ಕ್ಯಾಲರಿ ಬರೀ ಸಕ್ಕರೆಯಿಂದ. ಬೆಲ್ಲ ಹಾಕಲಾ ಅಂತ ಕೇಳಿದರು. ಮಂಡ್ಯದವರಲ್ವಾ! ಬೆಲ್ಲವಾದರೂ ಲೆಕ್ಕ ಹೆಚ್ಚು ಕಡಿಮೆ ಅದೇ. ಕಾಫಿ ಬಿಡಿಸಲು ಹೋಗಲಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಮ್ಮಿ ಮಾಡಿದೆವು. ನಾಲಿಗೆಗೆ ಅಷ್ಟು ಪುರುಸೊತ್ತು ಕೊಟ್ಟರೆ ಅದು ಜಗಳ ಮಾಡುವುದಿಲ್ಲ.

ನಡುವೆ ಯಾರೋ, ‘ಅನ್ನ ಬಿಟ್ಟು ಬರೀ ಮುದ್ದೆ ತಿನ್ನು, ಕರಗ್ತೀಯ’ ಅಂದಿದ್ದರಂತೆ. ಮೂರು ಹೊತ್ತೂ ಮುದ್ದೆ ಶುರುವಾಗಿತ್ತು. ನಮ್ಮ ಕಡೆ ಈ ನಂಬಿಕೆ ಜಾಸ್ತಿ. ನಾನೂ ಮುದ್ದೆ ಉಂಡು ಬೆಳೆದವಳೇ, ಅದರ ಮೇಲೆ ನನಗೇನೂ ಕೋಪ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸವೇನಲ್ಲ. ರಾಗಿಯಲ್ಲಿ ನಾರು, ಸುಣ್ಣದಂಶ ಜಾಸ್ತಿ, ಹಸಿವು ಬೇಗ ಬರುವುದಿಲ್ಲ. ಅದು ಲಾಭ. ಆದರೆ ಮುದ್ದೆಯ ಗಾತ್ರ ತೆಂಗಿನಕಾಯಿಯಷ್ಟಿದ್ದರೆ ಆ ಲಾಭ ಎಲ್ಲಿಂದ ಬರಬೇಕು? ಮುದ್ದೆ ಸ್ವಲ್ಪ ಚಿಕ್ಕದಾಯಿತು. ಜೊತೆಗೆ ಉಪ್ಪೆಸರಿನ ಸೊಪ್ಪು, ಕಾಳನ್ನು ತಟ್ಟೆಯಲ್ಲಿ ಎರಡರಷ್ಟು ಮಾಡಿದೆವು. ಒಗ್ಗರಣೆ ಎಣ್ಣೆಯನ್ನು ಬಾಟಲಿಯಿಂದ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಲು ಹೇಳಿದೆ.

ಇನ್ನು ಮೈ ಕೆಲಸ. ಊರಲ್ಲಿ ಹುಲ್ಲು ಕೊಯ್ಯುವುದು, ಕೊಟ್ಟಿಗೆ ಗುಡಿಸುವುದು, ಹೊಲಕ್ಕೆ ಬುತ್ತಿ ಹೊರುವುದು ಎಲ್ಲ ಇತ್ತು. ಇಲ್ಲಿ ಲಿಫ್ಟು, ವಾಷಿಂಗ್ ಮಷೀನು, ಗಂಡನ ಸ್ಕೂಟರು. ಮೈ ಕೆಲಸ ಹೋಯಿತು, ಊಟದ ಅಳತೆ ಊರಿನದೇ ಉಳಿಯಿತು. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವೀನ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಕಥೆ ಹೇಳಿದೆ. 16 ಜನರಿಗೆ ಎಂಟು ವಾರ ದಿನಾ 1,000 ಕ್ಯಾಲರಿ ಜಾಸ್ತಿ ಉಣ್ಣಿಸಿದರು. ಕೆಲವರ ಮೈಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಕೆಲವರಿಗೆ ನಾಲ್ಕು ಕಿಲೋ ಸೇರಿತು. ಸೇರದವರು ಕಸರತ್ತು ಮಾಡಿದವರಲ್ಲ. ಏಳುವುದು, ಕೂರುವುದು, ಅತ್ತಿತ್ತ ಓಡಾಡುವುದು, ಅಂಥ ಚಿಲ್ಲರೆ ಚಟುವಟಿಕೆ ಜಾಸ್ತಿಯಾದವರು. ‘ಹಂಗಾದ್ರೆ ನಮ್ಮತ್ತೆ ತರ,’ ಅಂದರು ಅಕ್ಕ. ‘ಒಂದ್ ಕಡೆ ಕೂತಿದ್ದೇ ಇಲ್ಲ ಅವ್ರು.’

ಯಾವುದನ್ನು ವಾಪಸ್ ತರಬೇಕು ಅನ್ನುವುದನ್ನು ಅವರಿಗೇ ಬಿಟ್ಟೆ. ವಾರಕ್ಕೆ ಎರಡು ಸಲ ಸಿಟಿ ಬಸ್ಸಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋಗಿ, ಒಂದು ಸುತ್ತು ಬೆಲೆ ಕೇಳಿ, ಎರಡನೇ ಸುತ್ತಿಗೆ ತರಕಾರಿ ತರುವುದು. ಚೌಕಾಸಿಗೆ ಟ್ರ್ಯಾಕ್ ಪ್ಯಾಂಟ್ ಬೇಕಿಲ್ಲ! ತಾರಸಿ ಮೇಲೆ ಹಳೇ ಬಕೆಟ್‌ಗಳಲ್ಲಿ ದಂಟು, ಮೆಂತ್ಯ ಹಾಕಿದರು. ಸಂಜೆ ನೀರು ಹಾಕಲು ಹತ್ತಲೇಬೇಕು. ಮಂಡಿ ನೋವಿದೆಯಲ್ಲ, ಹತ್ತುವಾಗ ನಿಧಾನವಾಗಿ ಮೆಟ್ಟಿಲು, ಇಳಿಯುವಾಗ ಲಿಫ್ಟ್ ಅಂದೆ. ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ. ತಂಗಿಯ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡುವಾಗ ಕೂರುವ ಹಾಗಿಲ್ಲ. ಈ ಷರತ್ತು ನನ್ನದಲ್ಲ, ಅವರೇ ಹಾಕಿಕೊಂಡದ್ದು.

ಗಂಡನನ್ನು ಒಂದು ಸಲ ಕರೆಸಿದೆ. ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಹೆಂಡತಿಯನ್ನು ತೂಕದ ಮಷೀನ್ ಮೇಲೆ ನಿಲ್ಲಿಸುವುದನ್ನು ಕಾಳಜಿ ಅಂದುಕೊಂಡಿದ್ದರು. ಬೀಗರ ಊಟದ ಮಾತು ಅವರಿಗೆ ನೆನಪೇ ಇರಲಿಲ್ಲ. ಇನ್ನೊಂದು ವಿಷಯ ಹೇಳಿದಾಗ ಮುಖ ಬಾಡಿತು: ಮನೆಯ ಈ ಮಾತು ಕೇಳಿ ಕೇಳಿ, ಸಣಕಲಾಗಿರುವ ಮಗಳು ಬೆಳಗಿನ ತಿಂಡಿ ಬಿಡಲು ಶುರು ಮಾಡಿದ್ದಳು. ಮೂರು ತಿಂಗಳು ಮನೆಯಲ್ಲಿ ಯಾರ ತೂಕದ ಮಾತೂ ಆಡಬಾರದು, ಮಷೀನ್ ಹದಿನೈದು ದಿನಕ್ಕೊಮ್ಮೆ ಮಾತ್ರ ಹೊರಗೆ ಬರಬೇಕು ಅಂದೆ. ಒಪ್ಪಿದರು. ಮಗಳ ಜೊತೆ ನಾನು ಬೇರೆಯಾಗಿ ಮಾತಾಡಿದೆ, ಅದು ಇನ್ನೂ ನಡೆಯುತ್ತಿದೆ.

ದಸರೆಗೆ ಊರಿಂದ ಹನ್ನೆರಡು ಜನ ನೆಂಟರು ಬಂದರು. ಅಟ್ಟದ ಪಾತ್ರೆ ಕೆಳಗಿಳಿಯಿತು. ಹತ್ತು ದಿನದಲ್ಲಿ ಒಂದೂವರೆ ಕಿಲೋ ಏರಿತು. ಅಕ್ಕ ಎರಡು ಹೊತ್ತು ಊಟ ಬಿಟ್ಟು, ತಲೆ ಸುತ್ತಿಸಿಕೊಂಡು ನನ್ನ ಹತ್ತಿರ ಬಂದರು. ನಾನು ಹೇಳಿದ್ದು ಒಂದೇ: ಈಗ ಮನೆಗೆ ಹೋಗಿ ಊಟ ಮಾಡಿ, ನಾಳೆ ಬೆಳಿಗ್ಗೆ ಮಾಮೂಲಿ ತಿಂಡಿ ತಿನ್ನಿ. ಉಪವಾಸದಿಂದ ತೀರಿಸೋಕೆ ಅದೇನು ಸಾಲ ಅಲ್ಲ. ನವೆಂಬರ್ ಮಧ್ಯಕ್ಕೆ ಏರಿದ್ದು ಇಳಿದಿತ್ತು.

ಡಿಸೆಂಬರ್‌ನಲ್ಲಿ ತೂಕ 71. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಅನ್ನುವ ಲೆಕ್ಕ ಹಿಡಿದರೆ ಇನ್ನೂ ಜಾಸ್ತಿ ಇಳಿಯಬೇಕಿತ್ತು. ಮೈ ಏನು ಶಾನುಭೋಗರ ಕಡತವೇ? ಆದರೂ ಇದ್ದ ತೂಕದಲ್ಲಿ ನೂರಕ್ಕೆ ಐದು ಇಳಿದರೂ ಸಕ್ಕರೆಗೆ ಒಳ್ಳೆಯದು, ಇವರದು ಆರು ದಾಟಿದೆ. ಎಚ್‌ಬಿಎ1ಸಿ 5.8. ನಿದ್ದೆ ಬರುತ್ತಿದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಹೃದಯಕ್ಕೆ ಬೇರೆಯದೇ ಲಾಭ ಇದೆ, ಈ ಚಿಲ್ಲರೆ ಓಡಾಟ ಅದಕ್ಕೆ ಬದಲಿಯಲ್ಲ ಅಂತಲೂ ಹೇಳಿದ್ದೇನೆ. ‘ನೋಡಾನ’ ಅಂದರು. ಒತ್ತಾಯ ಮಾಡಲಿಲ್ಲ.

ಇದನ್ನು ಓದಿ ಇನ್ಯಾರಾದರೂ ಶುರು ಮಾಡುವುದಿದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಇಳಿಸಬೇಡಿ.

ಅಕ್ಕನ ಮುಂದಿನ ಭೇಟಿ ಸಂಕ್ರಾಂತಿ ಕಳೆದ ಮೇಲೆ. ಈ ಸಲ ಬಡಾವಣೆಯಲ್ಲಿ ಎಳ್ಳು ಬೀರಲು ಮಗಳ ಜೊತೆ ತಾವೂ ಮನೆ ಮನೆಗೆ ಹೋಗುತ್ತಾರಂತೆ. ‘ನಡ್ಕೊಂಡೇ ಹೋಯ್ತೀನಿ ಮೇಡಂ, ಎಷ್ಟು ಮನೆ ಆಯ್ತು ಅಂತ ಬಂದು ಹೇಳ್ತೀನಿ. ಆದ್ರೆ ಬೆಲ್ಲದ ಲೆಕ್ಕ ಮಾತ್ರ ಕೇಳ್ಬೇಡಿ.’