ಹೆಕ್ಸಗನ್ ತುಂಡಿಗೆ ಯಾವ ಕಾಗದ?

ಹೆಕ್ಸಗನ್ ಕ್ವಿಲ್ಟ್ ಅಂದರೆ ಆರು ಬದಿಯ ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ, ಆ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ. ಕೈಹೊಲಿಗೆಯಲ್ಲಿ ಅದರ ಅಚ್ಚಿಗೆ ಪ್ರಿಂಟರ್ ಹಾಳೆ ಸಾಕಾ, ಕಾರ್ಡೇ ಬೇಕಾ, ಅಳತೆ ಎಷ್ಟಿರಲಿ ಅಂತ ಕೇಳಿದ್ದೀರಿ. ಮಾಮೂಲಿ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹಾಳೆಯಲ್ಲೂ ಆಗುತ್ತದೆ. ಆದರೆ ಬಟ್ಟೆ ಮಡಚುವಾಗ ಅಂಚು ಬಾಗಿ ಮೂಲೆ ಮೊಂಡಾಗುತ್ತದೆ. 160ರ ಆಸುಪಾಸಿನದು ನನಗೆ ಹಿಡಿಸಿದೆ. ತೀರಾ ದಪ್ಪ ರಟ್ಟು ಬೇಡ, ಹೊಲಿಯುವಾಗ ಬಗ್ಗುವುದೇ ಇಲ್ಲ.

ಹಳೆ ಮದುವೆ ಕಾರ್ಡು ಎಲ್ಲರ ಮನೆಯಲ್ಲೂ ಇರುತ್ತಲ್ವಾ? ನಾನೂ ಸುಮ್ನೆ ಅದನ್ನೇ ಕತ್ತರಿಸಿದ್ದೆ. ಇಸ್ತ್ರಿ ಇಟ್ಟದ್ದೇ ತಡ, ಗಣಪತಿಯ ಕೆಂಪು ಬಣ್ಣ ಬಿಳಿ ಕಾಟನ್ ಮೇಲೆ ಕೂತಿತು! ಬಣ್ಣವಿಲ್ಲದ ಕಾರ್ಡನ್ನೇ ಆರಿಸಿ.

ಒಂದಿಂಚಿನ ಹೆಕ್ಸಗನ್ ಅಂದರೆ ಒಂದು ಬದಿ 1 ಇಂಚು. ಮೂಲೆಯಿಂದ ಮೂಲೆಗೆ 2 ಇಂಚು ಬರುತ್ತದೆ. ಮೊದಲ ಸಲಕ್ಕೆ ಅದೇ ಸರಿ. ಅರ್ಧ ಇಂಚಿನದು ಚೆಂದವೇ, ಆದರೆ ಅಷ್ಟೇ ಜಾಗ ತುಂಬಲು ನಾಲ್ಕು ಪಟ್ಟು ತುಂಡು ಬೇಕು. ಬಟ್ಟೆ ಸುತ್ತಲೂ ಕಾಲು ಇಂಚು ಜಾಸ್ತಿ ಬಿಡಿ.

ಪ್ರಿಂಟ್ ತೆಗೆದರೆ ಅಳತೆ ಶೇಕಡಾ 100ಕ್ಕೇ ಇರಲಿ. ಕತ್ತರಿಸುವಾಗ ಕೂದಲೆಳೆ ವ್ಯತ್ಯಾಸವಾದರೂ ಒಂದರ ಸುತ್ತ ಆರು ತುಂಡು ಜೋಡಿಸಿ ಮಾಡುವ ಹೂವಿನ ಕೊನೆಯ ಎಸಳು ಕೂರುವುದಿಲ್ಲ. ಆರೂ ಬದಿ ಪಕ್ಕದ ತುಂಡುಗಳಿಗೆ ಹೊಲಿದ ಮೇಲೆ ಕಾಗದ ಬಿಡಿಸಿಕೊಳ್ಳಿ, ಇನ್ನೂ ಮೂರ್ನಾಲ್ಕು ಸಲ ಬರುತ್ತದೆ.