ಬೇಟೆ ನಿಲ್ಲಿಸಿದರೆ ತಿಮಿಂಗಿಲ ಉಳಿಯುತ್ತದೆಯೇ?

ಪ್ರಿಯ ಓದುಗರೇ,

ಅಲಾಸ್ಕದ ಉತ್ತರ ತೀರದ ಇನ್ಯುಪಿಯಾಟ್ ಜನರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಬೇಸರ ತಂದಿದೆ. ‘ಬೋಹೆಡ್ ತಿಮಿಂಗಿಲ ಉಳಿಯಬೇಕು ಅಂತೀರಿ, ಅದನ್ನು ಕೊಂದು ತಿನ್ನುವವರನ್ನೇ ಹೊಗಳುತ್ತೀರಿ. ಬೇಟೆಯನ್ನು ಪೂರ್ತಿ ನಿಲ್ಲಿಸಿದರೆ ಆಯ್ತಲ್ಲ?’ ಎಂದು ಕೇಳಿದ್ದೀರಿ. ಪ್ರಾಣಿಯ ಮೇಲಿನ ಪ್ರೀತಿಯಿಂದ ಬಂದ ಪ್ರಶ್ನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ನಿಮ್ಮ ಸಲಹೆ ಹೊಸದೇನಲ್ಲ. 1977ರಲ್ಲಿ, ತಿಮಿಂಗಿಲ ಬೇಟೆಗೆ ನಿಯಮ ಹಾಕುವ ಹಲವು ದೇಶಗಳ ಕೂಟವಾದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಇದೇ ತೀರ್ಮಾನ ಮಾಡಿತ್ತು. ಆ ಕಡಲಲ್ಲಿ ಬೋಹೆಡ್‌ಗಳು ಹೆಚ್ಚೆಂದರೆ 2,000 ಉಳಿದಿವೆ ಎಂಬುದು ಆಗಿನ ಅಂದಾಜು. ಅವನ್ನು ಆ ಗತಿಗೆ ತಂದವರು ಯಾರು? 1848ರಿಂದ, ಅಲಾಸ್ಕ ಮತ್ತು ರಷ್ಯಾದ ನಡುವಿನ ಬೇರಿಂಗ್ ಜಲಸಂಧಿ ದಾಟಿ ಬಂದ ವ್ಯಾಪಾರಿ ಹಡಗಿನವರು. ಎಣ್ಣೆಗಾಗಿ, ಬಾಯೊಳಗೆ ಆಹಾರ ಸೋಸುವ ಬಾಲೀನ್ ಪಟ್ಟಿಗಳಿಗಾಗಿ ಸಾವಿರಗಟ್ಟಲೆ ಕೊಂದರು. ದಂಡ ಬಿದ್ದದ್ದು ತೀರದ ಹಳ್ಳಿಗಳಿಗೆ. ಇದು ನ್ಯಾಯ ಅಲ್ಲ ಅಲ್ವಾ? ಹಳ್ಳಿಯವರದ್ದೂ ತಪ್ಪಿತ್ತು, ನಿಜ. 1970ರ ದಶಕದಲ್ಲಿ ಅವರ ಬೇಟೆ ಜಾಸ್ತಿಯಾಗಿತ್ತು. ಏಟು ತಿಂದು ಕೈಗೆ ಸಿಗದೆ ಹೋಗುವ ತಿಮಿಂಗಿಲಗಳೂ ಬಹಳ ಇದ್ದವು.

ಬೇಟೆಗಾರರು ಸುಮ್ನೆ ಕೂರಲಿಲ್ಲ. 1977ರಲ್ಲೇ ಅಲಾಸ್ಕ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿಕೊಂಡರು. ‘ನಿಮ್ಮ ಲೆಕ್ಕವೇ ಸರಿಯಿಲ್ಲ’ ಎಂದು ಅಂತಾರಾಷ್ಟ್ರೀಯ ಆಯೋಗಕ್ಕೆ ಹೇಳಿದರು. ಎಣಿಸುವವರು ಹಿಮದಂಚಿನಲ್ಲಿ ಕೂತು, ತೆರೆದ ನೀರಿನಲ್ಲಿ ಕಣ್ಣಿಗೆ ಬಿದ್ದವನ್ನಷ್ಟೇ ಬರೆದುಕೊಳ್ಳುತ್ತಿದ್ದರು. ಆದರೆ ಬೋಹೆಡ್ ಹಿಮದ ಅಡಿಯಲ್ಲೂ ಸಾಗುತ್ತದೆ. ಉಸಿರು ಬೇಕಾದಾಗ ನೆತ್ತಿಯಿಂದ ಹಿಮವನ್ನು ಒತ್ತಿ ಎತ್ತುತ್ತದೆ. ಮೇಲೆ ಸಣ್ಣ ದಿಬ್ಬ ಏಳುತ್ತದೆ. ಅದರ ಬಿರುಕಿನಲ್ಲೇ ಉಸಿರಾಡಿ ಮತ್ತೆ ಮುಳುಗುತ್ತದೆ. ದೂರದಲ್ಲಿ ಕೂತವರಿಗೆ ಏನು ಕಂಡೀತು?

1980ರ ದಶಕದಲ್ಲಿ ವಿಜ್ಞಾನಿಗಳು ನೀರಿನೊಳಗೆ ಮೈಕ್ ಇಳಿಬಿಟ್ಟು ಕೇಳಿದರು. ಕಣ್ಣಿಗೆ ಒಂದೂ ಕಾಣದ ಹೊತ್ತಿನಲ್ಲೂ ತಿಮಿಂಗಿಲಗಳ ದನಿ ಹಾದುಹೋಗುತ್ತಿತ್ತು. ಬೇಟೆಗಾರರು ಹೇಳಿದ್ದೇ ಸರಿ. 2011ರ ಎಣಿಕೆಯ ಹೊತ್ತಿಗೆ ಅಂದಾಜು 17,000ದ ಹತ್ತಿರ ಬಂತು. ಲೆಕ್ಕ ಸುಧಾರಿಸಿದ್ದಷ್ಟೇ ಅಲ್ಲ, ಸಂತತಿಯೂ ನಿಜವಾಗಿ ಬೆಳೆದಿದೆ. ಬೇಟೆ ನಡೆಯುತ್ತಿರುವಾಗಲೇ ಬೆಳೆದಿದೆ.

ಪೂರ್ತಿ ನಿಷೇಧದ ಬದಲು ಈಗ 11 ಹಳ್ಳಿಗಳಿಗೆ ಸೇರಿ ವರ್ಷಕ್ಕೆ 67 ತಿಮಿಂಗಿಲಗಳಿಗೆ ಏಟು ಹಾಕುವ ಮಿತಿ. ಹಿಂದೆ ಬಳಸದೆ ಉಳಿದದ್ದರಲ್ಲಿ ಸ್ವಲ್ಪ ಸೇರಿಸಿಕೊಳ್ಳಬಹುದು. ಏಟು ಬಿದ್ದು ತಪ್ಪಿಸಿಕೊಂಡದ್ದೂ ಲೆಕ್ಕಕ್ಕೆ ಸೇರುತ್ತದೆ. ಮಾಂಸ ಊರಿಗೆಲ್ಲ ಹಂಚಿಹೋಗುತ್ತದೆ. ಅಂಗಡಿಯಿಂದ ತಂದು ತಿನ್ನಲಿ ಎಂದೂ ಬರೆದಿದ್ದೀರಿ. ಆ ತೀರದ ಉಟ್ಕಿಯಾಗ್ವಿಕ್ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸಾಮಾನು ವಿಮಾನದಲ್ಲಿ ಬರಬೇಕು, ಇಲ್ಲವೇ ಹಿಮ ಕರಗಿದಾಗ ದೊಡ್ಡ ದೋಣಿಯಲ್ಲಿ. ಬೆಲೆ ಎಷ್ಟಿರಬಹುದು ನೀವೇ ಯೋಚಿಸಿ.

ಇನ್ನೊಂದು ಮಾತು. ಬೋಹೆಡ್ 200 ವರ್ಷ ದಾಟಿಯೂ ಬದುಕಬಲ್ಲದು ಎಂದು ಲೋಕಕ್ಕೆ ತಿಳಿದದ್ದು ಈ ಬೇಟೆಗಾರರು ವಿಜ್ಞಾನಿಗಳಿಗೆ ಕೊಟ್ಟ ಕಣ್ಣು, ಅಂಗಾಂಶಗಳಿಂದ. 2007ರಲ್ಲಿ ಹಿಡಿದ ಒಂದರ ಮೈಯೊಳಗೆ 19ನೇ ಶತಮಾನದ ಸಿಡಿಗುಂಡಿನ ಈಟಿಯ ಚೂರು ಸಿಕ್ಕಿತು. ಹಳೆಯ ಹಡಗುಗಳ ಕಾಲದ್ದು. ಅದನ್ನು ಹೊತ್ತುಕೊಂಡೇ ಅದು ನೂರಕ್ಕೂ ಜಾಸ್ತಿ ವರ್ಷ ಈಜಿತ್ತು.

ನನಗೆ ಚಿಂತೆ ಇರುವುದು ಈಗಿನ ಹಡಗುಗಳದ್ದು. ಹಿಮ ಕಡಿಮೆಯಾದಂತೆ ಬೇರಿಂಗ್ ಜಲಸಂಧಿಯಲ್ಲಿ ಅವುಗಳ ಓಡಾಟ ಹೆಚ್ಚುತ್ತಿದೆ. 2018ರಲ್ಲಿ ಅಮೆರಿಕ ಮತ್ತು ರಷ್ಯಾ ಒಟ್ಟಾಗಿ ಕೇಳಿ, ಅಲ್ಲಿ ಹಡಗುಗಳಿಗೆ ದಾರಿಗಳನ್ನು ಗುರುತು ಮಾಡಿಸಿದವು. ಆದರೆ ಆ ದಾರಿಯಲ್ಲೇ ಹೋಗಬೇಕೆಂಬ ಕಡ್ಡಾಯವಿಲ್ಲ. ನಿಮ್ಮ ಸಿಟ್ಟನ್ನು ದಯವಿಟ್ಟು ಇದರ ಕಡೆ ತಿರುಗಿಸಿ.

– ಸಂಪಾದಕ