ಸಾವಯವ ಹಾಲಿನ ಪ್ಯಾಕೆಟ್: ಯಾವ ಗುರುತನ್ನು ನಂಬಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಮಗುವಿಗೆ ಸಾವಯವ ಹಾಲನ್ನೇ ಕೊಡೋಣವೆಂದು ಅಂಗಡಿಗೆ ಹೋದರೆ ‘ಆರ್ಗ್ಯಾನಿಕ್’, ‘ನೈಸರ್ಗಿಕ’, ‘ಫಾರ್ಮ್ ಫ್ರೆಶ್’, ‘ಎ2 ದೇಸಿ’ ಎಂದು ನಾಲ್ಕೈದು ಬಗೆಯ ಪ್ಯಾಕೆಟ್‌ಗಳು ಸಾಲಾಗಿ ಇರುತ್ತವೆ. ಬೆಲೆಯೂ ಹೆಚ್ಚು. ಹೋದ ತಿಂಗಳು ತಂದ ಒಂದು ಹಾಲಿನಲ್ಲಿ ಕೆನೆಯೇ ಕಟ್ಟಲಿಲ್ಲ; ನೀರು ಬೆರೆಸಿದ್ದಾರೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಯಾವುದನ್ನು ನಂಬಿ ಕೊಳ್ಳಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಅತ್ತೆಯವರ ಅನುಮಾನಕ್ಕೆ ಉತ್ತರಿಸುತ್ತೇನೆ. ಪ್ಯಾಕೆಟ್ಟಿನ ಮೇಲೆ ‘ಹೋಮೊಜಿನೈಸ್ಡ್’ ಎಂದು ಬರೆದಿದ್ದರೆ ಹಾಲಿನ ಜಿಡ್ಡಿನ ಕಣಗಳನ್ನು ಯಂತ್ರದಲ್ಲಿ ಒಡೆದು ಸಣ್ಣದಾಗಿಸಿರುತ್ತಾರೆ. ಅವು ಮೇಲಕ್ಕೆ ತೇಲದೆ ಹಾಲಿನಲ್ಲೇ ಹರಡಿಕೊಂಡಿರುವುದರಿಂದ ಕಾಯಿಸಿ ಆರಿಸಿದರೂ ದಪ್ಪ ಕೆನೆ ಕಟ್ಟುವುದಿಲ್ಲ. ಅದಲ್ಲದೆ ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6 ಇರಬೇಕೆಂಬುದು ನಿಯಮ. ಆದ್ದರಿಂದ ಕೆನೆಯ ದಪ್ಪವಾಗಲಿ, ಹಾಲಿನ ಬಣ್ಣವಾಗಲಿ ಅದು ಸಾವಯವವೇ ಅಲ್ಲವೇ ಎಂಬುದನ್ನು ಹೇಳಲಾರವು.

ಅದನ್ನು ಹೇಳುವುದು ಪ್ರಮಾಣಪತ್ರ ಮಾತ್ರ. ನಮ್ಮ ದೇಶದಲ್ಲಿ ಸಾವಯವ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ರೂಪಿಸಿದೆ. ಅದರ ಪ್ರಕಾರ ಅಂಗಡಿಯಲ್ಲಿ ‘ಸಾವಯವ’ ಎಂದು ಮಾರುವ ವಸ್ತುವಿಗೆ ಎರಡು ವ್ಯವಸ್ಥೆಗಳಲ್ಲಿ ಒಂದರ ಪ್ರಮಾಣೀಕರಣ ಇರಬೇಕು. ಒಂದು, ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡುವ ಎನ್‌ಪಿಒಪಿ. ಇನ್ನೊಂದು, ರೈತರ ಗುಂಪೇ ಪರಸ್ಪರರ ಜಮೀನನ್ನು ಪರಿಶೀಲಿಸುವ ಪಿಜಿಎಸ್-ಇಂಡಿಯಾ. ವೃತ್ತದೊಳಗೆ ಎಲೆ ಮತ್ತು ಸರಿ ಗುರುತು ಇರುವ ‘ಜೈವಿಕ್ ಭಾರತ್’ ಚಿಹ್ನೆಯನ್ನು ಪ್ಯಾಕೆಟ್ಟಿನ ಮೇಲೆ ಹುಡುಕಿ. ಪಿಜಿಎಸ್‌ನಲ್ಲಿ ‘ಗ್ರೀನ್’ ಎಂಬ ಇನ್ನೊಂದು ಗುರುತಿದೆ. ಅದು ಸಾವಯವಕ್ಕೆ ಬದಲಾಗುತ್ತಿರುವ ಹಂತದ್ದು, ಪೂರ್ಣ ಸಾವಯವದ್ದಲ್ಲ. ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯನ್ನು ನೋಡಿ ಹಲವರು ಸಮಾಧಾನಪಡುತ್ತಾರೆ. ಆದರೆ ಅದು ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ, ಸಾವಯವಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಲೇಬೇಕು. ಕೆಲವರ ಬಳಿ ಮೇವು ಬೆಳೆಯುವ ಹೊಲಕ್ಕೆ ಮಾತ್ರ ಪ್ರಮಾಣಪತ್ರ ಇರುತ್ತದೆ, ಹಸುವಿಗೂ ಹಾಲಿಗೂ ಇರುವುದಿಲ್ಲ. ಆದ್ದರಿಂದ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರ ಉತ್ಪನ್ನಗಳ ಪಟ್ಟಿಯಲ್ಲಿ ‘ಹಾಲು’ ಎಂದೇ ಇದೆಯೇ, ಅವಧಿ ಇನ್ನೂ ಮುಗಿದಿಲ್ಲವೇ ಎಂದು ನೋಡಿ. ಗ್ರಾಹಕರ ಸಹಾಯವಾಣಿಗೆ ಕರೆ ಮಾಡಿ ಕೇಳಿದರೆ ಇದನ್ನು ಕಳುಹಿಸಲು ಯಾವ ಪ್ರಾಮಾಣಿಕ ಕಂಪನಿಯೂ ಹಿಂಜರಿಯಬೇಕಾಗಿಲ್ಲ.

ಹಾಗೆ ಕರೆ ಮಾಡಿದಾಗ ‘ನಿಮ್ಮ ಹಸುಗಳಿಗೆ ಯಾವ ಹಿಂಡಿ ಹಾಕುತ್ತೀರಿ?’ ಎಂದೂ ಕೇಳಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಸಾವಯವ ನಿಯಮದಲ್ಲಿ ಕುಲಾಂತರಿ (ವಂಶವಾಹಿ ಬದಲಿಸಿದ) ಬೆಳೆಯ ಮೇವಿಗೆ ಅವಕಾಶವಿಲ್ಲ; ನಮ್ಮಲ್ಲಿ ಬೆಳೆಯುವ ಹತ್ತಿಯ ಬಹುಪಾಲು ಕುಲಾಂತರಿಯಾದ ಬಿಟಿ ಹತ್ತಿಯೇ ಆಗಿರುವುದರಿಂದ ಪೇಟೆಯಲ್ಲಿ ಸಿಗುವ ಹತ್ತಿಕಾಳು ಹಿಂಡಿಯನ್ನು ಸಾವಯವ ಕೊಟ್ಟಿಗೆಯಲ್ಲಿ ಬಳಸುವಂತಿಲ್ಲ. ಯೂರಿಯಾ ಬೆರೆಸಿದ ಪಶು ಆಹಾರವನ್ನೂ ಬಳಸುವಂತಿಲ್ಲ. ಕೆಚ್ಚಲು ಬಾವಿನ ಕಾಯಿಲೆಗೆ ಆ್ಯಂಟಿಬಯಾಟಿಕ್ ಕೊಟ್ಟರೆ, ಸಾಮಾನ್ಯವಾಗಿ ಆ ಹಸುವಿನ ಹಾಲನ್ನು ಮಾರದೆ ಕಾಯಬೇಕಾದ ಅವಧಿಗಿಂತ ಎರಡು ಪಟ್ಟು ಕಾಯಬೇಕು. ಈ ಮೂರೂ ವಿಷಯಗಳನ್ನು ಬಲ್ಲವರು ತಡವರಿಸದೆ ಹೇಳುತ್ತಾರೆ. ಸಾವಯವ ಹೈನುಗಾರಿಕೆ ನಮಗೆ ದೂರದ ಮಾತೇನೂ ಅಲ್ಲ. 2010ರಲ್ಲಿ ತಿಪಟೂರಿನಲ್ಲಿ ಆರಂಭವಾದ ಅಕ್ಷಯಕಲ್ಪದಂತಹ ಸಂಸ್ಥೆ ರೈತರ ಜೊತೆ ಸೇರಿ ಈ ಕೆಲಸವನ್ನೇ ಮಾಡುತ್ತ ಬಂದಿದೆ. ಅವರಾಗಲಿ ಬೇರೆಯವರಾಗಲಿ, ನೀವು ಕೊಳ್ಳುವ ಪ್ಯಾಕೆಟ್ಟನ್ನು ಇದೇ ಪ್ರಶ್ನೆಗಳಿಂದ ಪರೀಕ್ಷಿಸಿ.

‘ನೈಸರ್ಗಿಕ’, ‘ಫಾರ್ಮ್ ಫ್ರೆಶ್’ ಎಂಬ ಮಾತುಗಳ ಹಿಂದೆ ಯಾವ ಸಾವಯವ ತಪಾಸಣೆಯೂ ಇಲ್ಲ. ‘ಎ2’ ಎಂಬುದು ಹಾಲಿನಲ್ಲಿರುವ ಒಂದು ಪ್ರೋಟೀನಿನ ಬಗೆಯನ್ನು ಸೂಚಿಸುತ್ತದೆ, ಹಸು ಏನು ತಿಂದಿದೆ ಎಂಬುದನ್ನಲ್ಲ. ಈ ಮಾತನ್ನು ಪ್ಯಾಕೆಟ್ಟಿನಿಂದ ತೆಗೆಯಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ಆಗಸ್ಟ್‌ನಲ್ಲಿ ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂಪಡೆಯಿತು.

ಸಾವಯವ ಎಂದಮಾತ್ರಕ್ಕೆ ಎಲ್ಲ ಚಿಂತೆಯೂ ತೀರಿತೆಂದು ತಿಳಿಯಬೇಡಿ. 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಕಲಬೆರಕೆ ಕಂಡದ್ದು 12ರಲ್ಲಿ ಮಾತ್ರ. ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿಮೀರಿ ಕಂಡದ್ದು 368ರಲ್ಲಿ. ತೇವದಲ್ಲಿಟ್ಟ ಹಿಂಡಿಗೆ, ಮೇವಿಗೆ ಬೂಷ್ಟು ಹಿಡಿದಾಗ ಹುಟ್ಟುವ ವಿಷವು ಹಸುವಿನ ಹೊಟ್ಟೆ ಸೇರಿ, ಈ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ನಾವು ಒಲೆಯ ಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಸಾವಯವ ಹಿಂಡಿಗೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅಫ್ಲಾಟಾಕ್ಸಿನ್ ಮತ್ತು ಆ್ಯಂಟಿಬಯಾಟಿಕ್ ಪರೀಕ್ಷೆಯ ವರದಿಯನ್ನು ತಾನಾಗಿ ಪ್ರಕಟಿಸುವ ಅಥವಾ ಕೇಳಿದರೆ ಕೊಡುವ ಬ್ರ್ಯಾಂಡಿಗೆ ನಾನು ಮೊದಲ ಆದ್ಯತೆ ಕೊಡುತ್ತೇನೆ. ಅಂತಹದ್ದು ನಿಮ್ಮೂರಿನಲ್ಲಿ ಸಿಗದಿದ್ದರೆ, ಬೆಲೆ ಭಾರವೆನಿಸಿದರೆ, ತಣ್ಣಗಿಟ್ಟು ಮಾರುವ ಸಾಮಾನ್ಯ ಪಾಶ್ಚರೀಕರಿಸಿದ ಹಾಲನ್ನೇ ಮಗುವಿಗೆ ಕೊಡಿ. ಅದರಿಂದ ಮಗುವಿಗೆ ಅನ್ಯಾಯ ಮಾಡಿದಂತೆ ಆಗುವುದಿಲ್ಲ.

ಪ್ರಶ್ನೆ: ನಮ್ಮ ಪಕ್ಕದ ಹಳ್ಳಿಯ ರೈತರೊಬ್ಬರು ಸಾವಯವ ಹಾಲೆಂದು ಮನೆಗೇ ತಂದು ಹಾಕುತ್ತಾರೆ. ಅವರಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ. ಕೊಳ್ಳಬಹುದೇ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ಕೊಳ್ಳಬಹುದು. ಸಣ್ಣ ಉತ್ಪಾದಕರು ತಾವೇ ನೇರವಾಗಿ ಗ್ರಾಹಕರಿಗೆ ಮಾರುವುದಕ್ಕೆ ಮೇಲೆ ಹೇಳಿದ 2017ರ ನಿಯಮಾವಳಿಯಲ್ಲಿ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಒಮ್ಮೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅವರ ಕೊಟ್ಟಿಗೆಗೆ ಹೋಗಿ ಬನ್ನಿ. ಹಿಂಡಿಯ ಚೀಲ ನೆಲಕ್ಕೆ ತಾಗಿದೆಯೇ, ಹಲಗೆಯ ಮೇಲಿದೆಯೇ, ಒಳಗೆ ಕೈ ಹಾಕಿದರೆ ತೇವವೋ ಮುಗ್ಗು ವಾಸನೆಯೋ ಇದೆಯೇ ಎಂದು ನೋಡಿ. ಹಾಲನ್ನು ಮಾತ್ರ ಚೆನ್ನಾಗಿ ಉಕ್ಕುವವರೆಗೆ ಕಾಯಿಸಿಯೇ ಬಳಸಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂತಹ ಕಾಯಿಲೆ ಮನುಷ್ಯರಿಗೆ ತಗಲುತ್ತದೆ, ಹಸು ಸಾವಯವ ಮೇವು ತಿಂದಿದ್ದರೂ ಅಷ್ಟೇ.